ಹಾಡ ಕಡಿಮಿ ಐತ್ರಿ

ನಮ್ಮ ಖಾನಾಪುರದ ಕಡೆ ಹೆಣ್ಣುಮಕ್ಕಳನ್ನು ಮರ್ಯಾದೆಯಿಂದ ಕರೆಯಬೇಕಾದರೆ ‘ಬಾಯಿ’ ಎನ್ನುತ್ತಾರೆ. ಅದು ಮರಾಠಿಯ ಬಾಯಿ. ಕನ್ನಡದ ಬಾಯಿ ಯಾವುದೆಂದು ಹೇಳಬೇಕಾಗಿಲ್ಲ. ಹೀಗಾಗಿ ಪ್ರತಿ ಗುರುವಾರ ಬೆಳಗಾವಿಯಿಂದ ರೈಲಿನಲ್ಲಿ ಬಂದು ನಮ್ಮೂರಿನಲ್ಲಿ ಹಲ್ಲಿನ ದವಾಖಾನೆ ತೆರೆಯುತ್ತಿದ್ದ ಆ ಡಾಕ್ಟರಿಗೆ ಮರಾಠಿ ಮಂದಿ ‘ಡಾಕ್ಟರಬಾಯಿ’ ಅಂದರು, ಕನ್ನಡದ ಮಂದಿ ‘ಬಾಯಿ ಡಾಕ್ಟರು’ ಅಂದರು. ಇಬ್ಬರೂ ತಾವು ಹೇಳಿದ್ದೇ ಸರಿ ಅಂದುಕೊಂಡಿದ್ದರು. ಅವರು ಎರಡಕ್ಕೂ ಓಗೊಡುತ್ತಿದ್ದರು. ಇನ್ನು ನಾನು ಸಾಲಿಯಲ್ಲಿ ಕಲಿಸುವವಳು; ನನ್ನನ್ನೂ ಊರೆಲ್ಲ ‘ಬಾಯಾರ’ ಅಂತಲೇ ಕರೆಯುವುದು. ಬಾಯಿ ಕೆಟ್ಟ ಒಬ್ಬ ಬಾಯಾರು ಬಾಯಿ ನೋಡುವ ಇನ್ನೊಬ್ಬ ಬಾಯಿಯವರ ಕೈಗೆ ಸಿಕ್ಕ ಕಥೆ ಇದು ಅಂತ ನನ್ನ ಗಂಡ ಈಗಲೂ ಚೇಷ್ಟೆ ಮಾಡುತ್ತಾರೆ.

ಹೋದ ತಿಂಗಳು ಅವರು ಖಾನಾಪುರದ ದವಾಖಾನೆ ಮುಚ್ಚಿದರು. ಅವರ ಬಗ್ಗೆ ಬರೆಯುತ್ತೇನೆ ಅಂದಾಗ ಒಂದೇ ಕರಾರು ಹಾಕಿದರು. “ಹೆಸರು ಹಾಕಬ್ಯಾಡ್ರಿ ಬಾಯಾರ. ಹಲ್ಲು ನೋವಿನೋರು ಮನಿ ಹುಡುಕ್ಕೊಂತ ಬರ್ತಾರ. ನನಗ ಬ್ಯಾಡ ಅನ್ನಾಕ ಬರೂದಿಲ್ಲ.” ಹಾಗಾಗಿ ಹೆಸರಿಲ್ಲ. ಅವರ ಹೆಸರಿನ ಅಗತ್ಯ ನನಗೂ ಎಂದೂ ಬಿದ್ದಿಲ್ಲ.

ಆಳು ಗಿಡ್ಡ. ಹಲ್ಲಿನ ಕುರ್ಚಿಯನ್ನು ಎಷ್ಟು ಕೆಳಗಿಳಿಸಿದರೂ ಅವರಿಗೆ ಸಾಲುತ್ತಿರಲಿಲ್ಲ. ಕುರ್ಚಿಯ ಬಾಜೂಕೆ ಊಟದ ಮಣೆಯೊಂದನ್ನು ಹಾಕಿಕೊಂಡು ಅದರ ಮೇಲೆ ನಿಲ್ಲುತ್ತಿದ್ದರು. ಕಾಟನ್ ಸೀರೆ, ಅದರ ಮೇಲೆ ಬಿಳಿ ಕೋಟು, ಕಾಲಲ್ಲಿ ಮಾತ್ರ ಓಟದ ಹುಡುಗರು ಹಾಕುವಂಥ ಕ್ಯಾನ್ವಾಸ್ ಬೂಟು. ಸೀರೆಯ ಕೆಳಗೆ ಇದೇನು ಅವತಾರ ಅಂತ ಯಾರಾದರೂ ನೋಡಿದರೆ “ಗಾಡಿ ಹಿಡೀಬೇಕಲ್ರೀ” ಅನ್ನುತ್ತಿದ್ದರು. ಲೋಂಡಾ ಕಡೆಯಿಂದ ಸಂಜೆ ಬರುವ ಗಾಡಿ ಅವರ ಪಾಲಿಗೆ ದೇವರ ಮಂಗಳಾರತಿ ಇದ್ದ ಹಾಗೆ, ತಪ್ಪಿಸುವ ಮಾತೇ ಇಲ್ಲ. ಕೈಯಲ್ಲಿ ಹಿಡಿದ ಬಾಯಿಯನ್ನು ಅರ್ಧಕ್ಕೆ ಬಿಟ್ಟವರಲ್ಲ, ಆದರೆ ಮಾತನ್ನು ಅರ್ಧಕ್ಕೆ ಬಿಡುತ್ತಿದ್ದರು. ಯಾರ ಮನೆಯ ಎಂಥ ಸುದ್ದಿ ನಡೆದಿರಲಿ, ಗಡಿಯಾರ ನೋಡಿದವರೇ “ಉಳದದ್ದು ಮುಂದಿನ ಗುರುವಾರ” ಅಂದು ಚೀಲ ಹೆಗಲಿಗೇರಿಸಿ ನಡೆದುಬಿಡುತ್ತಿದ್ದರು. ಊರಿನ ಎಷ್ಟೋ ಸೊಸೆಯರ ಕಥೆಗಳು ಹೀಗೆ ವಾರಗಟ್ಟಲೆ ಅರ್ಧಕ್ಕೇ ನಿಂತಿರುತ್ತಿದ್ದವು.

ಬೇರೆ ಹಲ್ಲಿನ ಡಾಕ್ಟರು ಕೆಲಸ ಮುಗಿದ ಮೇಲೆ ಕೈಗೆ ಕನ್ನಡಿ ಕೊಡುತ್ತಾರೆ. ಇವರು ಕನ್ನಡಿ ಕೊಡುತ್ತಿದ್ದದ್ದು ಕೊನೆಗೆ. ಮೊದಲು ಕಣ್ಣು ಮುಚ್ಚಿ ನಿಂತು “ಹೂಂ, ಬೈರಿ” ಅನ್ನುತ್ತಿದ್ದರು. ಮನುಷ್ಯ ಸುಮ್ಮನೆ ಮಾತಾಡುವಾಗ ನಾಲಿಗೆ ಹಲ್ಲನ್ನು ಕಾಯುತ್ತದೆ, ಬೈಯುವಾಗ ಮಾತ್ರ ಎಲ್ಲ ಹಲ್ಲುಗಳೂ ಕೆಲಸಕ್ಕೆ ಬರುತ್ತವೆ ಎಂಬುದು ಅವರ ನಂಬಿಕೆ. ಬೀಡಿ ಎಂಬ ಹಳ್ಳಿಯಿಂದ ಬಂದ ಒಬ್ಬ ಮುದುಕಿಗೆ ಹೊಸ ಸೆಟ್ಟು ಕೂರಿಸಿದ ದಿನ ನಾನು ಹೊರಗಿನ ಬೆಂಚಿನ ಮೇಲಿದ್ದೆ. ಬೈರಿ ಅಂದದ್ದೇ ತಡ, ಆಕೆ ನನ್ನ ಪಕ್ಕ ಕುಳಿತಿದ್ದ ಸ್ವಂತ ಸೊಸೆಯನ್ನು ಒಳಗಿನಿಂದಲೇ ಹಿಡಿದು ಜಾಡಿಸತೊಡಗಿದಳು. ಬಾಯಿಗೆ ಬಂದದ್ದೊಂದೂ ಬಿಡಲಿಲ್ಲ. ಸೊಸೆ ನೆಲ ನೋಡುತ್ತ ಕುಳಿತಿದ್ದಳು. ಡಾಕ್ಟರು ಪೂರ್ತಿ ಕೇಳಿಸಿಕೊಂಡು, “ಹಲ್ಲು ಝಕಾಸ್ ಕುಂತಾವ್ರಿ ಆಯಿ. ಈಗ ಬೈದದ್ದು ಟೆಸ್ಟಿಂಗ್. ಮನ್ಯಾಗ ಮತ್ತ ಬೈಯೂದು ಬ್ಯಾಡ” ಅಂದರು. ಹೊರಗೆ ಸೊಸೆಯೇ ಮೊದಲು ನಕ್ಕಳು.

ನನ್ನ ಮೇಲಿನ ಎರಡು ಮುಂದಿನ ಹಲ್ಲುಗಳು ಹೋದದ್ದು ಒಂದು ಮಳೆಗಾಲದಲ್ಲಿ, ಸಾಲಿಗೆ ಹೋಗುವ ದಾರಿಯಲ್ಲಿ ಸ್ಕೂಟಿ ಜಾರಿ. ಆಗ ತೆಗೆದು ಹಾಕುವ ಹಲ್ಲು ಮಾಡಿಸಿಕೊಂಡೆ. ಅಂಗುಳಿಗೆ ಅಂಟಿ ಕೂರುವ ಗುಲಾಬಿ ತಗಡು, ಅದರ ತುದಿಗೆ ಹಲ್ಲು. ವರ್ಷಗಳು ಹೋದಂತೆ ಅದು ಸಡಿಲಾಯಿತು. ಊಟ ಮಾಡುವಾಗ ಕಟಕಟ ಅನ್ನುತ್ತಿತ್ತು. ನಾನು ಕಲಿಸುವುದು ಒಂದನೇ ಇಯತ್ತೆಗೆ. ಮಕ್ಕಳು ಬಹುತೇಕ ಮರಾಠಿ ಮನೆಯವರು, ಕನ್ನಡ ಅವರ ಕಿವಿಗೆ ಬೀಳುವುದು ನನ್ನ ಬಾಯಿಂದ ಮಾತ್ರ. ಒಂದೊಂದು ಅಕ್ಷರಕ್ಕೆ ಒಂದೊಂದು ಹಾಡು ಕಟ್ಟಿ ಕಲಿಸುವುದು ನನ್ನ ಪದ್ಧತಿ. ಒಂದು ದಿನ ಜೋರಾಗಿ ಹಾಡುವಾಗ ಹಲ್ಲಿನ ತಗಡು ಬಾಯಿಂದ ಹಾರಿ ಮೇಜಿನ ಮೇಲೆ ಬಿತ್ತು. ಮಕ್ಕಳು ಅದನ್ನೂ ಪಾಠ ಅಂದುಕೊಂಡು ಚಪ್ಪಾಳೆ ತಟ್ಟಿದರು. ಅಂದಿನಿಂದ ನಾನು ಹಾಡುವುದನ್ನೇ ಬಿಟ್ಟೆ. ತುಟಿ ಬಿಗಿ ಹಿಡಿದು, ಮೆಲ್ಲಗೆ ಹೇಳಿಕೊಡತೊಡಗಿದೆ.

ಹೀಗಿರುವಾಗ ಒಂದು ಗುರುವಾರ ನನ್ನ ತರಗತಿಯ ಹುಡುಗಿಯೊಬ್ಬಳ ತಾಯಿ ಬಂದು, “ಡಾಕ್ಟರಬಾಯಿ ನಿಮಗ ಬಂದು ಹೋಗ್ರಿ ಅಂದಾರ್ರಿ” ಅಂದಳು. ಹುಡುಗಿಗೆ ದವಡೆ ಹಲ್ಲಿನ ನೋವಿತ್ತಂತೆ. ಮಗುವಿಗೇನೋ ದೊಡ್ಡದೇ ಆಗಿರಬೇಕು ಅಂತ ಗಾಬರಿಯಾಗಿ ಹೋದೆ. ಡಾಕ್ಟರು ನನ್ನನ್ನು ಕೂರಿಸಿ, “ಆ ಪೋರಿ ಛಲೋ ಅದಾಳ್ರಿ. ಮುಂದಿನ ಹಲ್ಲು ಇನ್ನಾ ಬಿದ್ದಿಲ್ಲ, ಎಲ್ಲಾ ಗಟ್ಟಿ ಅದಾವ. ಆದ್ರ ಹಸು ಅನ್ನಾಕ ‘ಹಥು’ ಅಂತಾಳ. ಹೋದ ವಾರ ನಿಮ್ಮ ಸಾಲಿದ ಇನ್ನೊಂದು ಮಗು ಬಂದಿತ್ತು, ಅದೂ ‘ಹಥು’ ಅಂತು. ಮರಾಠಿ ಮಾತಾಡುವಾಗ ಇಬ್ಬರದೂ ‘ಸ’ ಖಣಖಣ ಐತಿ. ಕನ್ನಡದಾಗಷ್ಟ ಹಿಂಗ್ಯಾಕಂತ ನನಗ ತಿಳೀಲಿಲ್ಲ” ಅಂದರು. ಆಮೇಲೆ ಬಹಳ ಮೆಲ್ಲಗೆ, “ಬಾಯಾರ, ನೀವೊಮ್ಮೆ ಹಸು ಅನ್ರಿ” ಅಂದರು.

ನಾನು ಅಂದೆ. ನನ್ನ ಕಿವಿಗೇ ಕೇಳಿಸಿತು.

ಇಷ್ಟು ದಿನ ನನಗೆ ಗೊತ್ತೇ ಆಗಿರಲಿಲ್ಲ. ಸಡಿಲ ಹಲ್ಲಿನ ಸಂದಿಯಿಂದ ನನ್ನ ‘ಸ’ ಜಾರಿ ‘ಥ’ ಆಗಿತ್ತು, ಮಕ್ಕಳು ಅದನ್ನೇ ಕನ್ನಡ ಅಂತ ನಂಬಿ ಕಲಿತಿದ್ದರು. ಇಡೀ ತರಗತಿ ‘ಬಥವ’, ‘ಥೋಮವಾರ’ ಅಂತ ಬಾಯಿಪಾಠ ಮಾಡಿತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಡಾಕ್ಟರು ನಗಲಿಲ್ಲ. ಬೆರಳಿನಿಂದ ಒಸಡನ್ನು ಮುಟ್ಟಿ ನೋಡಿ, ಬೆಳಗಾವಿಯ ದವಾಖಾನೆಗೆ ಬಂದು ದವಡೆಯ ಸ್ಕ್ಯಾನ್ ಮಾಡಿಸಿ ಅಂದರು. ಎಲುಬಿಗೇ ಕೂರಿಸುವ ಹಲ್ಲು ಹಾಕಿದರೆ ಅಲುಗಾಡುವುದಿಲ್ಲ, ಆದರೆ ಒಳಗೆ ಏನಿದೆಯೋ ನೋಡದೆ ತಾನು ಮಾತು ಕೊಡುವುದಿಲ್ಲ ಅಂದರು.

ಬೆಳಗಾವಿಯಲ್ಲಿ ನಡೆದದ್ದನ್ನು ಹೇಳಿಬಿಡುತ್ತೇನೆ. ಅವರು ಕಂಪ್ಯೂಟರಿನಲ್ಲಿ ನನ್ನ ಸ್ಕ್ಯಾನ್ ನೋಡುತ್ತಿದ್ದರು, ನಾನು ಕುರ್ಚಿಯಲ್ಲಿ ಒರಗಿದ್ದೆ. ಅವರ ಜೊತೆ ಸದಾ ಇರುತ್ತಿದ್ದ ನರ್ಸಕ್ಕ ಟ್ರೇ ಒರೆಸುತ್ತಿದ್ದಳು. ಡಾಕ್ಟರು ತಿರುಗದೆಯೇ ಅಂದರು:

“ಬಾಯಾರ, ನಿಮ್ಮದು ಹಾಡ ಭಾಳ ಕಡಿಮಿ ಆಗೇತ್ರಿ.”

ಇವರಿಗೆ ಹೇಗೆ ಗೊತ್ತಾಯಿತು? “ಖರೇ ಐತ್ರಿ ಡಾಕ್ಟರ. ಹಾಡ ಬಿಟ್ಟು ಭಾಳ ದಿನಾ ಆತ್ರಿ” ಅಂದೆ.

“ನೀವ್ ಬಿಟ್ಟದ್ದಲ್ರಿ, ತಾನ ಕರಗತೈತಿ ಅದು. ಹಲ್ಲು ಹೋತಂದ್ರ ಹಾಡಕ್ಕ ಕೆಲಸಾ ಇರೂದಿಲ್ಲ. ದಿನಾ ಇಷ್ಟಿಷ್ಟ ಕರಗಿ ಹೋಗತೈತಿ.”

ಇಷ್ಟು ಚೆನ್ನಾಗಿ ನನ್ನ ದುಃಖವನ್ನು ಯಾರೂ ಹೇಳಿರಲಿಲ್ಲ. ಒರಗಿದಲ್ಲೇ ಕಣ್ಣೀರು ಹರಿದು ಕಿವಿಗಿಳಿಯಿತು.

“ಅಯ್ಯ, ಅಳಾಕ ಏನಾತ್ರಿ? ಹೊರಗಿಂದ ತಂದು ತುಂಬಾಕ ಬರತೈತಿ. ಇಲ್ಲಾಂದ್ರ ನಿಮ್ಮ ಬಾಯಾಗಿಂದನ ತಗದು ಹಾಕೂಣು.”

“ಹೊರಗಿಂದು ಬ್ಯಾಡ್ರಿ,” ನಾನು ಮೂಗೊರೆಸಿಕೊಂಡೆ. “ಮೊಬೈಲದಾಗ ಹಚ್ಚಿ ನೋಡೇನ್ರಿ, ಮಕ್ಕಳು ಕೇಳೂದಿಲ್ಲ.”

ಡಾಕ್ಟರು ಈಗ ತಿರುಗಿದರು. ಮಾಸ್ಕು ಕೆಳಗಿಳಿಸಿದರು. “ಮೊಬೈಲದಾಗ? ಹಾಡ?”

ನರ್ಸಕ್ಕನ ಕೈಯ ಟ್ರೇ ಖಣಲ್ ಅಂತ ಮೇಜಿಗೆ ಬಿತ್ತು. ನಗು ತಡೆಯಲಾರದೆ ಗೋಡೆ ಹಿಡಿದುಕೊಂಡಿದ್ದಳು. “ಬಾಯಾರ, ಅವರು ಎಲುಬಿಗಿ ಹಾಡ ಅನ್ನಾಕತ್ತಾರ್ರಿ! ಮರಾಠಿ ಹಾಡ!”

ಮರಾಠಿ ನನಗೆ ತಿಳಿಯದ್ದೇನಲ್ಲ. ಹಾಡ ಅಂದರೆ ಮರಾಠಿಯಲ್ಲಿ ಎಲುಬು ಅಂತ ಸಣ್ಣಂದಿನಿಂದ ಗೊತ್ತು. ಆದರೆ ಕನ್ನಡದ ಮಾತಿನ ನಡುವೆ ಬಂದು ಕುಳಿತಾಗ ಅದು ಹಾಡೇ ಆಗಿ ಕೇಳಿಸಿತು, ಅದರಲ್ಲೂ ಹಾಡು ಕಳೆದುಕೊಂಡವಳ ಕಿವಿಗೆ. ಡಾಕ್ಟರು ವಿಷಯ ತಿಳಿದು ನಕ್ಕರು. ನಕ್ಕು ಮುಗಿದ ಮೇಲೆ, ಅಲ್ಲಿಯೂ ಇಟ್ಟುಕೊಂಡಿದ್ದ ಮಣೆಯ ಮೇಲೆಯೇ ಕುಳಿತು, ನೀವು ಹಾಡು ಯಾಕೆ ಬಿಟ್ಟಿರಿ ಅಂತ ಕೇಳಿದರು. ನಾನು ಎಲ್ಲ ಹೇಳಿದೆ. ಹೊರಗೆ ಮಂದಿ ಕಾಯುತ್ತಿದ್ದರು, ಅವರು ಪೂರ್ತಿ ಕೇಳಿದರು. ಅಂದು ಗಡಿಯಾರ ನೋಡಲಿಲ್ಲ.

ಆಮೇಲೆ ನನಗೆ ಒಂದೇ ಪ್ರಶ್ನೆ. “ಹಂಗಾರ ಈ ಹಲ್ಲು ಹಾಕಿಸ್ಕೊಳ್ಳೋರು ಎಲ್ಲಾರೂ ಮದಲ ಎಲುಬು ತುಂಬಿಸ್ಕೋಬೇಕೇನ್ರಿ?”

“ಯಾರ್ ಹೇಳಿದ್ರು? ಭಾಳ ಮಂದಿಗಿ ಬೇಕ ಆಗೂದಿಲ್ಲ. ದನಾ ಕಟ್ಟೂ ಗೂಟ ನೋಡೀರಲ್ಲ? ನೆಲ ಗಟ್ಟಿ ಇತ್ತು, ಬಡದು ಬಿಡೂದ. ಅಂಚಿನ್ಯಾಗ ಚೂರು ಮಣ್ಣು ಕಡಿಮಿ ಇತ್ತು, ಗೂಟಾ ಬಡಿಯುವಾಗನ ಬಾಜೂಕ ಮಣ್ಣು ಒತ್ತೂದು. ಮಣ್ಣ ಇಲ್ಲ ಅಂದ್ರ ಮದಲ ಮಣ್ಣು ತುಂಬಿ, ಗಟ್ಟಿ ಆಗೂತನಕಾ ಬಿಟ್ಟು, ಆಮ್ಯಾಲೆ ಗೂಟ. ನಿಮ್ಮದು ಈ ಮೂರನೇದು. ಹಪ್ಪಳದಂಗ ತೆಳು ಆಗೇತಿ. ಅದು ಬರೇ ಬಾಯಿ ನೋಡಿ ಹೇಳಾಕ ಬರೂದಿಲ್ಲ, ಅದಕ್ಕ ಸ್ಕ್ಯಾನ್.”

ಇದೇ ಮಾತಿಗೆ ಅವರು ಗುಂಜಿ ಊರಿನ ಒಬ್ಬರೊಂದಿಗೆ ಜಗಳ ಆಡಿದ್ದನ್ನೂ ನಾನು ಕಂಡಿದ್ದೇನೆ. ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಆ ಹಿರಿಯರಿಗೆ ಕೆಳಗಿನ ದವಡೆಯ ಹಲ್ಲೊಂದು ಬೇಕಿತ್ತು. ಎಲುಬು ಧಾರಾಳವಾಗಿತ್ತು, ನೇರ ಕೂರಿಸುತ್ತೇನೆ ಅಂದರು ಡಾಕ್ಟರು. ಹಿರಿಯರಿಗೆ ಸಿಟ್ಟು ಬಂತು. “ನಮ್ಮ ಬೀಗರಿಗಿ ಬೆಳಗಾವ್ಯಾಗ ಎಲುಬು ಹಾಕಿ ಕುಂದ್ರಸ್ಯಾರ. ನನಗ್ಯಾಕ ಹಾಕೂದಿಲ್ಲ? ನಾನೇನು ಕಡಿಮಿ ಅದೀನೇನು?” ಡಾಕ್ಟರು ಸ್ಕ್ಯಾನನ್ನು ಅವರ ಮುಂದೆ ತಿರುಗಿಸಿ, “ಮಾಮಾ, ಇದು ನೋಡ್ರಿ ನಿಮ್ಮ ದವಡಿ. ಇದರ ಮ್ಯಾಲೆ ಲೋಂಡಾದ ಹಳಿ ಹಾಸಿ ಗಾಡಿ ಬಿಡಬಹುದು. ಇದಕ್ಕ ಇನ್ನೇನು ತುಂಬ್ಲಿ?” ಅಂದರು. ಹಿರಿಯರು ಒಮ್ಮೆಲೇ ಗೆಲುವಾದರು. ಆಮೇಲೆ ಸ್ಟೇಷನ್ನಿನಲ್ಲಿ ಸಿಕ್ಕವರಿಗೆಲ್ಲ ದವಡೆ ತೋರಿಸುತ್ತ ನಿಂತಿದ್ದರಂತೆ.

ನನ್ನ ಅವಸರ ಬೇರೆಯೇ ಇತ್ತು. ಜೂನಿನಲ್ಲಿ ಹೊಸ ಮಕ್ಕಳು ಬರುತ್ತಾರೆ. ಅವರ ಬಾಯಿಗೂ ನನ್ನ ‘ಥ’ ಹತ್ತಿಸಲಾರೆ. ಅಷ್ಟರೊಳಗೆ ಹಲ್ಲು ಕೂರಲೇಬೇಕು. ಊರಿನಲ್ಲಿ ಬೇರೊಂದು ಕಡೆ ಕೇಳಿದಾಗ, ಎಲುಬು ಗಿಲುಬು ಏನೂ ಬೇಡ, ತಟ್ಟನೆ ಮಾಡಿಬಿಡೋಣ ಅಂದರು. ಅದನ್ನೇ ಬಂದು ಇವರ ಮುಂದೆ ಹೇಳಿದೆ. ಅವರು ಆ ಮಂದಿಯನ್ನು ಒಂದು ಮಾತೂ ಆಡಲಿಲ್ಲ. ನನ್ನ ಕೈ ಮಾತ್ರ ಹಿಡಿದುಕೊಂಡರು.

“ಹಪ್ಪಳಕ್ಕ ಮೊಳೆ ಬಡಿಯೂ ಧೈರ್ಯ ನನಗಿಲ್ಲ ಬಾಯಾರ. ನಾ ಹಾಕೂದು ಮುಂದಿನ ಜೂನಿಗಲ್ಲ, ನೀವು ರಿಟೈರ್ ಆಗೂತನಕಾ ಬರೂ ಎಲ್ಲಾ ಜೂನಿಗಿ. ಮದಲ ಹಾಡ, ಆಮ್ಯಾಲೆ ಹಲ್ಲು.”

“ಅಲ್ಲೀತನಕಾ ನನ್ನ ಮಕ್ಕಳು?”

ಅದಕ್ಕೂ ಅವರಲ್ಲಿ ಉತ್ತರ ಇತ್ತು. “ನಿಮ್ಮ ಸಾಲ್ಯಾಗ ನಾಕನೇ ಇಯತ್ತೇದ ಪೋರಿಗೋಳು ಅದಾರಲ್ಲ, ನಿಮ್ಮ ಹಲ್ಲು ಛಲೋ ಇದ್ದಾಗ ಕಲತವರು? ಅವರ ‘ಸ’ ನಿಮ್ಮದ ‘ಸ’ ಅಲ್ಲೇನು? ಅವರ ಕಡಿಂದ ಹಾಡಸ್ರಿ.” ಇದು ನನಗೇಕೆ ಹೊಳೆದಿರಲಿಲ್ಲವೋ. ಆ ಜೂನಿನಲ್ಲಿ ದೊಡ್ಡ ಹುಡುಗಿಯರು ದಿನಾ ಬಂದು ನನ್ನ ಹಳೆಯ ಹಾಡುಗಳನ್ನು ಸಣ್ಣವರಿಗೆ ಹೇಳಿಕೊಟ್ಟರು. ನಾನು ತುಟಿ ಮುಚ್ಚಿ ತಾಳ ಹಾಕಿದೆ.

ತುಂಬುವ ಎಲುಬು ಎಲ್ಲಿಂದ ಬರುತ್ತದೆ ಎಂಬುದನ್ನು ಎಷ್ಟು ಮಂದಿ ಹೇಳುತ್ತಾರೋ ನನಗೆ ತಿಳಿಯದು. ಅವರು ಕೂರಿಸಿ ಹೇಳಿದರು. ಮೂರು ಬಗೆಯಂತೆ: ಒಂದು, ದನದ ಎಲುಬಿನಿಂದ ಮಾಡಿದ ಪುಡಿ, ಒಂದು ಕಾರ್ಖಾನೆಯಲ್ಲಿ ಮಾಡಿದ್ದು, ಒಂದು ನಿಮ್ಮದೇ ಕೆಳದವಡೆಯ ಹಿಂದಿನಿಂದ ತೆಗೆದದ್ದು. ಎಲ್ಲದರ ಗುಣ, ದೋಷ ಎರಡೂ ಹೇಳಿದರು. “ಕೆಲವರಿಗಿ ನಡೀತೈತಿ, ಕೆಲವರಿಗಿ ನಡಿಯೂದಿಲ್ಲ. ಮನ್ಯಾಗ ಕೇಳಿ ಬರ್ರಿ. ಆಮ್ಯಾಲೆ ಗೊತ್ತಾಗಿ ಮನಸ್ಸಿಗಿ ಹಳಹಳಿ ಆಗಬಾರದು.” ನಮ್ಮದು ತತ್ತಿಯನ್ನೂ ಮುಟ್ಟದ ಮನೆ. ನನ್ನದೇ ಇರಲಿ ಅಂದೆ. ಇನ್ನೊಂದು ಕಡೆಯೂ ಗಾಯ ಆಗುತ್ತದೆ, ಕೆಲವು ದಿನ ಬಾವು ಬರುತ್ತದೆ ಅಂತ ಎಚ್ಚರಿಸಿದರು. ಬಂತು ಕೂಡ. ಗಂಟಲಿನವರೆಗೂ ಊದಿಕೊಂಡು ಗಂಜಿ ಕುಡಿಯುತ್ತ ಬಿದ್ದುಕೊಂಡಿದ್ದಾಗ ಪ್ರತಿದಿನ ಫೋನು ಮಾಡಿ, “ಮಾತಾಡಬ್ಯಾಡ್ರಿ, ಬರೇ ಹೂಂ ಅನ್ರಿ” ಅಂತ ಹೇಳಿ, ತಾವೇ ಕೇಳಿ ತಾವೇ ಉತ್ತರ ಕೊಟ್ಟುಕೊಂಡು ಇಡುತ್ತಿದ್ದರು. ಆ ಹೊತ್ತಿನಲ್ಲಿ ನನಗೆ ಅವರು ತಾಯಿಯೇ ಆಗಿದ್ದರು, ಇದನ್ನು ಅವರೆದುರು ಹೇಳಿದರೆ ಮಣೆಯಿಂದಿಳಿದು ಹೊಡೆಯುತ್ತಿದ್ದರು.

ಎಲುಬು ಕೂಡಿಕೊಳ್ಳಲು ಅರ್ಧ ವರ್ಷ ಹೋಯಿತು. ಮತ್ತೆ ಸ್ಕ್ಯಾನು, ಆಮೇಲೆ ಎಲುಬಿನೊಳಗೆ ಗೂಟದಂಥ ಸ್ಕ್ರೂ, ಅದು ಹಿಡಿದುಕೊಳ್ಳಲು ಮತ್ತೆ ತಿಂಗಳುಗಳು. ಕೊನೆಗೆ ಹಲ್ಲು ಕೂರಿಸಿದ ದಿನ ಡಾಕ್ಟರು ಮಣೆಯ ಮೇಲೆ ನಿಂತು ಕಣ್ಣು ಮುಚ್ಚಿದರು. “ಹೂಂ, ಬೈರಿ.”

“ಯಾರಿಗ್ರಿ?”

“ನನಗ. ಇಷ್ಟು ದಿನಾ ಕಾಯಿಸೇನಲ್ಲ.”

ಬಾಯಿ ತೆರೆದೆ. ಎಲ್ಲಿಂದ ಬಂತೋ ಬಂತು. “ಸಾಕ್ ಸಾಕ್ ಆಗಿ ಹೋತ ನಿಮ್ಮ ಸಹವಾಸ! ಸುಡಲಿ ಈ ಸ್ಕ್ಯಾನು, ಸುಡಲಿ ಈ ಸ್ಕ್ರೂ, ಸತ್ತರ ಸಹಿತ ನಿಮ್ಮ ದವಾಖಾನಿ ಸನೇಕ ಸುಳಿಯೂದಿಲ್ಲ!” ಒಂದು ‘ಸ’ವೂ ಜಾರಲಿಲ್ಲ. ಅವರು ಕಣ್ಣು ತೆರೆದು ಕನ್ನಡಿ ಕೊಟ್ಟರು. ಕನ್ನಡಿಯಲ್ಲಿ ನನಗೆ ಏನೂ ಕಾಣಲಿಲ್ಲ, ಅಷ್ಟು ನೀರು ತುಂಬಿತ್ತು.

ಈಗ ಅವರ ಬಲಗೈ ಹೆಬ್ಬೆರಳು ನಡುಗುತ್ತದೆ. ಮಂದಿಗೆ ಕಾಣುವಷ್ಟೇನಲ್ಲ. ಅವರಿಗೆ ಗೊತ್ತಾದ ಮೇಲೆ ಯಾರು ಹೇಳಿದರೂ ಕೇಳಲಿಲ್ಲ. “ನನ್ನ ಕೈ ನಡುಗೂದು ನನಗಿರಲಿ. ಇನ್ನೊಬ್ಬರ ಬಾಯಾಗ ನಡುಗೂದು ಬ್ಯಾಡ” ಅಂದವರೇ ಗುರುವಾರಗಳನ್ನು ಮುಗಿಸಿಬಿಟ್ಟರು. ಹಾರ, ಶಾಲು, ಭಾಷಣ ಯಾವುದಕ್ಕೂ ಒಪ್ಪಲಿಲ್ಲ. ಕಡೆಯ ಗುರುವಾರ ಸಾಲಿ ಬಿಟ್ಟ ಮೇಲೆ ನಾನು ನನ್ನ ಒಂದನೇ ಇಯತ್ತೆಯನ್ನೇ ಕರೆದುಕೊಂಡು ಹೋದೆ. ಹಿಂದೆ ‘ಹಥು’ ಅಂದು ನನ್ನನ್ನು ಹಿಡಿದುಕೊಟ್ಟ ಹುಡುಗಿ ಈಗ ಮೇಲಿನ ಇಯತ್ತೆಯಲ್ಲಿದ್ದಾಳೆ, ಅವಳೂ ಬಂದಳು. ದವಾಖಾನೆಯಲ್ಲಿ ಸಾಮಾನು ಕಟ್ಟಿ ಆಗಿತ್ತು. ಡಾಕ್ಟರು ಬೂಟಿನ ದಾರ ಬಿಗಿಯುತ್ತಿದ್ದರು. ಮಕ್ಕಳನ್ನು ಕಂಡು, ಬಾಯಿ ತೋರಿಸಲು ಬಂದಿದ್ದಾರೆ ಅಂದುಕೊಂಡು ಮಾಸ್ಕು ಹುಡುಕತೊಡಗಿದರು.

“ಬಾಯಿ ತೋರಸಾಕಲ್ರಿ, ಹಾಡಾಕ ಬಂದಾರ್ರಿ” ಅಂದೆ.

ಅವರು ಹೋಗಿ ರೋಗಿಗಳ ಕುರ್ಚಿಯಲ್ಲಿ ಕುಳಿತರು. ಅವರು ಅಲ್ಲಿ ಕುಳಿತದ್ದನ್ನು ನಾನು ಕಂಡದ್ದು ಅದೇ ಮೊದಲು. ಒರಗಿ ಕಣ್ಣು ಮುಚ್ಚಿದರು. ನಾನು ಎತ್ತಿಕೊಟ್ಟೆ, ಮಕ್ಕಳು ಹಿಡಿದರು.

“ಸೋಮವಾರ ಸಣ್ಣ ಹಸು ಸಾಲಿಗೆ ಬಂತು,
ಸರದಿ ಸಾಲಿನಲ್ಲಿ ಸುಮ್ಮನೆ ನಿಂತು…”

ಅರ್ಧ ಮಕ್ಕಳಿಗೆ ಹಾಲುಹಲ್ಲು ಬಿದ್ದು ಕಿಟಕಿ ಆಗಿತ್ತು, ಅವರ ಹಸು ಅಲ್ಲಲ್ಲಿ ‘ಹಥು’ ಆಗುತ್ತಲೇ ಇತ್ತು. ಡಾಕ್ಟರು ಕಣ್ಣು ತೆರೆಯದೆಯೇ, “ಅವರದು ತಾನ ಬರತೈತಿ ಬಿಡ್ರಿ” ಅಂದರು. ಎರಡನೆಯ ಸಾಲಿಗೆ, ನನ್ನನ್ನು ಹಿಡಿದುಕೊಟ್ಟ ಆ ದೊಡ್ಡ ಹುಡುಗಿ ಮುಂದೆ ಬಂದು ಒಬ್ಬಳೇ ಹಾಡಿದಳು. ಅವಳ ‘ಸ’ ಆ ಖಾಲಿ ಕೋಣೆಯಲ್ಲಿ ಗೆರೆ ಎಳೆದ ಹಾಗೆ ಸ್ವಚ್ಛ ಕೇಳಿಸಿತು. ಡಾಕ್ಟರ ಕೈ ಕುರ್ಚಿಯ ಹಿಡಿಕೆಯ ಮೇಲಿತ್ತು. ಹೆಬ್ಬೆರಳು ನಡುಗುತ್ತಿತ್ತು, ಅವರು ಅದನ್ನು ಮುಚ್ಚಿಕೊಳ್ಳಲಿಲ್ಲ.

ಹಾಡು ಮುಗಿಯುವ ಹೊತ್ತಿಗೆ ಸ್ಟೇಷನ್ನಿನ ಕಡೆಯಿಂದ ಗಾಡಿಯ ಸಿಳ್ಳು ಕೇಳಿತು. ನರ್ಸಕ್ಕ ಚೀಲ ಎತ್ತಿಕೊಂಡು, “ಡಾಕ್ಟರ, ಗಾಡಿ ಬಂತ್ರಿ” ಅಂತ ಬಾಗಿಲಿಗೆ ಓಡಿದಳು.

ಅವರು ಏಳಲಿಲ್ಲ.

“ಗಾಡಿ ಹೋಗ್ಲಿ ಬಿಡು. ಬಾಯಾರ, ನನಗೂ ಹಾಡ ಕಡಿಮಿ ಆಗೇತ್ರಿ. ಇನ್ನೊಂದ್ ಹೇಳ್ರಿ.”

ಯಾವ ಭಾಷೆಯ ಹಾಡ ಅಂತ ನಾನು ಕೇಳಲಿಲ್ಲ. ಬಾಯಿ ತುಂಬ ತೆರೆದು ಇನ್ನೊಂದು ಎತ್ತಿದೆ.